ತುಪ್ಪದ ಗಸಿ

ನವೆಂಬರ್ 12, ಮಂಗಳವಾರ

ಇವತ್ತಿನಿಂದ ಈ ಮನೆಯಲ್ಲಿ ಎರಡು ವಹಿ. ಒಂದು ಡಾಕ್ಟರ್ ಬರೆಯಲು ಹೇಳಿದ್ದು. ಇನ್ನೊಂದು ಇದು, ಯಾರಿಗೂ ತೋರಿಸುವುದಲ್ಲ. ಅಂಗನವಾಡಿಯಿಂದ ನಿವೃತ್ತಳಾಗಿ ಬರುವಾಗ ಖಾಲಿ ಉಳಿದ ರಿಜಿಸ್ಟರುಗಳನ್ನು ಟ್ರಂಕಿನಲ್ಲಿ ತಂದಿಟ್ಟಿದ್ದೆ. ಗುರುಗುಂಟಾದಲ್ಲಿ ಮೂವತ್ತೊಂದು ವರ್ಷ ಮಕ್ಕಳ ತೂಕ, ಬಸುರಿ ಬಾಣಂತಿಯರ ಹೆಸರು ಬರೆದ ಕೈ ಇದು. ಸುಮ್ಮನಿರು ಅಂದರೆ ಇರುವುದಿಲ್ಲ.

ಮೊಮ್ಮಗಳು ಹುಟ್ಟಿ ಇವತ್ತಿಗೆ ನಲವತ್ತು ದಿನ. ಐದು ದಿನದಿಂದ ಕೂಸಿನ ಮಲದಲ್ಲಿ ಲೋಳೆ, ಲೋಳೆಯಲ್ಲಿ ದಾರದಷ್ಟು ರಕ್ತ. ಇವತ್ತು ನಾನು, ಮಗ ಪಂಪಾಪತಿ, ಸೊಸೆ ಪದ್ಮಾವತಿ ಮೂವರೂ ಲಿಂಗಸುಗೂರಿನಿಂದ ಬಸ್ಸು ಹತ್ತಿ ಸಿಂಧನೂರಿನ ಮಕ್ಕಳ ಡಾಕ್ಟರ್ ಹತ್ತಿರ ಹೋಗಿಬಂದೆವು. ಡಾಕ್ಟರ್ ಅಂದರೆ ಮೂವತ್ತು ದಾಟದ ಹುಡುಗಿ. ತಾಯಿ ಕುಡಿದ ಎಮ್ಮೆ ಹಾಲು, ಆಕಳ ಹಾಲಿನ ಅಂಶ ಎದೆಹಾಲಿನಲ್ಲಿ ಇಳಿದು ಕೂಸಿಗೆ ಹೋಗುತ್ತದಂತೆ. ಈ ಕೂಸಿಗೆ ಅದು ಒಗ್ಗುವುದಿಲ್ಲವಂತೆ. ಅದಕ್ಕೇ ಸೊಸೆಗೆ ಹಾಲು ಬಂದ್, ಮೊಸರು ಬಂದ್, ಮಜ್ಜಿಗೆ, ಬೆಣ್ಣೆ, ಖೋವಾ, ಹಾಲಿನ ಪುಡಿ ಹಾಕಿದ ಬಿಸ್ಕೀಟು ಎಲ್ಲ ಬಂದ್. ಎದ್ದು ಬರುವಾಗ ತುಪ್ಪವೂ ಬೇಡ ಅಂದಳು. ಮೂರು ವಾರ ಹೀಗಿದ್ದು ಬನ್ನಿ, ತಾಯಿ ಏನು ಉಂಡಳು, ಕೂಸಿನ ಮಲ ಹೇಗಿತ್ತು ಅಂತ ದಿನಾ ಬರೆಯಿರಿ ಅಂದಳು. ಯಾರು ಬರೆಯುತ್ತೀರಿ ಅಂತ ಕೇಳಿದಾಗ ಪಂಪಾಪತಿ ಎದೆಯುಬ್ಬಿಸಿ ನನ್ನ ಕಡೆ ಕೈ ಮಾಡಿದ.

ತುಪ್ಪ ಇಲ್ಲದೆ ಅದೆಂಥ ಬಾಣಂತನ? ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕಿತ್ತು. ಮಸ್ಕಿಯಲ್ಲಿ ಸೊಸೆಯ ತಾಯಿ ತೀರಿಕೊಂಡು ಆರು ವರ್ಷ. ಮನೆಯಲ್ಲಿ ಅಪ್ಪ ಪಂಪಣ್ಣ ಒಬ್ಬನೇ. ತಾಯಿಯ ಜಾಗದಲ್ಲಿ ನಾನೇ ನಿಂತು ಮಾಡುತ್ತೇನೆ ಅಂತ ಬೀಗನಿಗೆ ಮಾತು ಕೊಟ್ಟಿದ್ದೇನೆ. ನಾಳೆ ಇವಳಿಗೆ ಸೊಂಟ ಹಿಡಿದರೆ ಓಣಿಯವರು ಡಾಕ್ಟರನ್ನು ಬೈಯುವುದಿಲ್ಲ. ಶಿವಲಿಂಗಮ್ಮ ಜಿಪುಣಿ, ತಾಯಿಲ್ಲದ ಹುಡುಗಿಗೆ ತುಪ್ಪ ತಿನ್ನಿಸಲಿಲ್ಲ ಅನ್ನುತ್ತಾರೆ.

ನವೆಂಬರ್ 14, ಗುರುವಾರ

ಸೊಸೆ ಫೋನಿನಲ್ಲಿ ನೋಡಿ ಶೇಂಗಾ ನೆನೆಹಾಕಿದ್ದಳು. ಬೆಳಿಗ್ಗೆ ರುಬ್ಬಿ, ಬಟ್ಟೆಯಲ್ಲಿ ಹಿಂಡಿ ಹಾಲು ತೆಗೆದಳು. ನೋಡಲು ಥೇಟು ಹಾಲೇ. ಚಹಾಕ್ಕೆ ಹಾಕಿ ಕುದಿಸಿದಳು, ಒಡೆದು ಚೂರುಚೂರಾಯಿತು. ಇದು ಚಹಾ ಅಲ್ಲ, ಶೇಂಗಾದ ಸಾರು, ಇದಕ್ಕೆ ರೊಟ್ಟಿ ಮುರಿದು ಹಾಕಿಕೋ ಅಂದೆ. ಅವಳು ನಕ್ಕು ಶುಂಠಿ ಬೆಲ್ಲ ಹಾಕಿ ಕರಿ ಚಹಾ ಮಾಡಿಕೊಂಡಳು.

ಅದೇ ಹೊತ್ತಿಗೆ ಪಕ್ಕದ ಮನೆಯ ಚಾಂದ್‌ಬೀ ಕೂಸನ್ನು ನೋಡಲು ಬಂದಳು. ಎರಡು ಎಮ್ಮೆ ಕಟ್ಟಿ ಅರ್ಧ ಓಣಿಗೆ ಹಾಲು ಹಾಕುವವಳು. ಬಾಣಂತಿಯ ಕೈಯಲ್ಲಿ ಕರಿ ಚಹಾ ನೋಡಿ ನನ್ನ ಮುಖ ನೋಡಿದಳು. ಆ ನೋಟವೇ ನನಗೆ ಚುಚ್ಚಿತು.

ನವೆಂಬರ್ 17, ಭಾನುವಾರ

ಇವತ್ತು ಅಂಟಿನ ಉಂಡೆ ಕಟ್ಟಿದೆ, ನಲವತ್ತು. ಒಣ ಕೊಬ್ಬರಿ, ಉತ್ತತ್ತಿ, ಗಸಗಸೆ, ಅಳವಿ ಬೀಜ, ಶುಂಠಿ, ಬೆಲ್ಲ, ಯಾವುದರಲ್ಲೂ ಕೈ ಹಿಡಿಯಲಿಲ್ಲ. ಗಿಡದ ಅಂಟಿನ ಹರಳು ಹುರಿಯುವ ಹೊತ್ತಿಗೆ ಕೈ ತಡೆಯಿತು. ಎಣ್ಣೆಯಲ್ಲಿ ಅಂಟು ಅರಳುವುದಿಲ್ಲ, ಒಳಗೆ ಹರಳು ಉಳಿದು ಹಲ್ಲಿಗೆ ಅಂಟುತ್ತದೆ. ನಮ್ಮವ್ವ ಹೇಳುತ್ತಿದ್ದಳು, ನಾನೂ ಊರೆಲ್ಲ ಹೇಳುತ್ತ ಬಂದಿದ್ದೇನೆ.

ಚಾಂದ್‌ಬೀ ಹತ್ತಿರ ನಿನ್ನೆಯೇ ಬೆಣ್ಣೆ ತಂದಿಟ್ಟಿದ್ದೆ. ಸೊಸೆ ಎರೆದುಕೊಂಡು, ಸಾಂಬ್ರಾಣಿ ಹೊಗೆ ಹಾಕಿಸಿಕೊಂಡು ಕೋಣೆಯಲ್ಲಿ ಮಲಗಿದ ಮೇಲೆ ಕಾಸಿದೆ. ವೀಳ್ಯದೆಲೆ ಹಾಕಿದೆ, ಗಮ್ಮಂತು. ಆ ತುಪ್ಪದಲ್ಲಿ ಅಂಟು ಹುರಿದೆ. ತಳದಲ್ಲಿ ಉಳಿದ ಕಂದು ಗಸಿಯನ್ನೂ ಚೆಲ್ಲಲಿಲ್ಲ, ಕೆರೆದು ಉಂಡೆಗೇ ಕಲಸಿದೆ. ಬಲ ಇರುವುದೇ ಗಸಿಯಲ್ಲಿ.

ಬೆಂಕಿಯ ಮೇಲೆ ಅಷ್ಟು ಹೊತ್ತು ಕುದಿದ ಮೇಲೆ ತುಪ್ಪದಲ್ಲಿ ಹಾಲೆಲ್ಲಿ ಉಳಿಯುತ್ತದೆ? ಡಾಕ್ಟರ್ ಪುಸ್ತಕ ಓದಿದ್ದಾಳೆ, ಬಾಣಂತನ ಮಾಡಿಲ್ಲ. ಸೊಸೆಗೆ ಎಣ್ಣೆಯದು ಅಂತ ಹೇಳಿದೆ. ಡಾಕ್ಟರ್ ವಹಿಯಲ್ಲಿ ‘ಅಂಟಿನ ಉಂಡೆ ಎರಡು, ಕುಸುಬಿ ಎಣ್ಣೆ’ ಅಂತ ಬರೆದೆ.

ನವೆಂಬರ್ 20, ಬುಧವಾರ

ಸೊಸೆ ಇವತ್ತು ಕುಸುಬಿ ಹಾಲಿನ ಹುಗ್ಗಿ ಮಾಡಿದಳು. ಕುಸುಬಿ ನೆನೆಸಿ, ರುಬ್ಬಿ, ಹಿಂಡಿದ ಹಾಲಿನಲ್ಲಿ ಗೋಧಿನುಚ್ಚು, ಬೆಲ್ಲ. ಅವಳ ತಾಯಿ ಮಾಡುತ್ತಿದ್ದಳಂತೆ. ನಾನು ಮರೆತೇಬಿಟ್ಟಿದ್ದೆ, ಚಿಕ್ಕಂದಿನಲ್ಲಿ ನಮ್ಮ ಮನೆಯಲ್ಲೂ ಎಮ್ಮೆ ಬತ್ತಿದಾಗ ಇದೇ ಗತಿ. ಎರಡು ಸಲ ಹಾಕಿಸಿಕೊಂಡು ಉಂಡೆ, ಚೆನ್ನಾಗಿದೆ ಅಂತ ಬಾಯಿಬಿಟ್ಟು ಹೇಳಲಿಲ್ಲ. ಮಜ್ಜಿಗೆಯ ಬದಲು ಜೋಳದ ಹಿಟ್ಟು ಹುಳಿ ಬರಿಸಿ ಅಂಬಲಿ ಕಾಸುತ್ತಾಳೆ. ಹುಡುಗಿ ಹಟಮಾರಿ. ಬೇಡ ಅಂದದ್ದನ್ನು ನಾಲಿಗೆಗೆ ತಾಕಿಸುವುದಿಲ್ಲ.

ಊಟದ ಮೇಲೆ ಉಂಡೆ ಕಡಿಯುತ್ತ ಅಂದಳು, “ಎಣ್ಣ್ಯಾಗ ಮಾಡಿದ್ದು ಅಂದ್ರ ಯಾರೂ ನಂಬೂದಿಲ್ರಿ ಅತ್ತಿ. ಥೇಟ್ ನಮ್ಮವ್ವನ ಕೈರುಚಿ ಐತಿ.”

ನಾನು ನೀರಿನ ತಂಬಿಗೆ ತರುವ ನೆಪದಲ್ಲಿ ಎದ್ದೆ.

ನವೆಂಬರ್ 24, ಭಾನುವಾರ

ರಕ್ತ ನಿಂತಿಲ್ಲ. ಹೆಚ್ಚಾಗಿದೆ ಅನ್ನಬೇಕು. ತೂಕವೂ ಏರುತ್ತಿಲ್ಲ. ಪಂಪಾಪತಿ ಮುದಗಲ್ಲಿನ ಹೈಸ್ಕೂಲಿನಲ್ಲಿ ಗುಮಾಸ್ತ, ವಾರಕ್ಕೊಂದು ದಿನ ಮನೆಯಲ್ಲಿರುತ್ತಾನೆ. ಆ ಒಂದು ದಿನವೂ ಜಗಳವಾಯಿತು. ಕೂಸಿನ ಬಟ್ಟೆ ನೋಡಿ ಹೆಂಡತಿಗೆ ಏನು ತಿಂದೆ, ಎಲ್ಲಿ ತಿಂದೆ, ಚಾಂದ್‌ಬೀ ಮನೆಯಲ್ಲಿ ಚಹಾ ಕುಡಿದೆಯಾ ಅಂತ ಒಂದೇ ಸಮನೆ ಕೇಳಿದ. ಅವಳು ಇಲ್ಲ ಅಂದಳು, ಕೂಸಿನ ತಲೆ ಮುಟ್ಟಿ ಇಲ್ಲ ಅಂದಳು. ಅವನು ಅಡಿಗೆಮನೆಗೆ ಬಂದ.

“ಯವ್ವಾ, ನೀ ದಿನಾ ಮನ್ಯಾಗ ಇರ್ತಿ. ಅಕಿ ಕದ್ದು ಏನರ ತಿನ್ನಾಕತ್ತಾಳೇನು?”

“ಇಪ್ಪತ್ನಾಕು ತಾಸೂ ಅಕಿನ್ನ ಕಾಯ್ಕೊಂಡು ಕುಂದ್ರಾಕ ನನಗ ಆಗತೈತೇನಪ್ಪ,” ಅಂದೆ.

ನಾನು ಸುಳ್ಳು ಹೇಳಲಿಲ್ಲ. ಕಾಯಲು ಆಗುವುದಿಲ್ಲ ಅಂದದ್ದು ನಿಜವೇ. ತುಪ್ಪದ ಮಾತು ಎತ್ತಿದರೆ ಸುಮ್ಮನೆ ಜಗಳ ನನ್ನ ಕಡೆ ತಿರುಗುತ್ತಿತ್ತು, ಕೂಸಿಗೇನು ಲಾಭ ಆಗುತ್ತಿತ್ತು? ಆದರೆ ಬಾಗಿಲಲ್ಲಿ ಸೊಸೆ ನಿಂತಿದ್ದಳು. ಕೇಳಿಸಿಕೊಂಡಳು. ಅವಳು ನನ್ನನ್ನು ನೋಡಿದ ರೀತಿ ಬರೆಯಲು ಬರುವುದಿಲ್ಲ.

ನವೆಂಬರ್ 27, ಬುಧವಾರ

ಚಾಂದ್‌ಬೀ ಬಾಗಿಲಲ್ಲೇ ನಿಂತು, ಟೀಚರಮ್ಮಾ ಬೆಣ್ಣೆ ಇನ್ನೂ ಬೇಕೇನು ಅಂತ ಕೂಗಿದಳು. ಸೊಸೆ ಹೊರಗೆ ಕೂಸಿನ ಬಟ್ಟೆ ಹಿಂಡುತ್ತಿದ್ದಳು. ದೇವರ ದೀಪಕ್ಕೆ ಬೇಕಿತ್ತು, ಇನ್ನೂ ಉಳಿದಿದೆ ಅಂದೆ. ದೇವರ ಹೆಸರು ಹೇಳಿದ ಮೇಲೆ ದೀಪ ಹಚ್ಚಲು ಮನಸ್ಸಾಗಲಿಲ್ಲ.

ಸೊಸೆ ಈಗ ಬರೀ ಅನ್ನ, ಜೋಳದ ರೊಟ್ಟಿ, ಬೇಳೆಕಟ್ಟು, ಉಪ್ಪು ಅಷ್ಟೇ ಉಣ್ಣುತ್ತಾಳೆ. ಶೇಂಗಾ ಬಿಟ್ಟಳು, ಕೊಬ್ಬರಿ ಬಿಟ್ಟಳು. ಯಾವುದರಿಂದ ಆಗುತ್ತಿದೆಯೋ ಅನ್ನುತ್ತಾಳೆ. ಉಂಡೆ ಮಾತ್ರ ಬಿಟ್ಟಿಲ್ಲ. ಅದರಲ್ಲೂ ಕೊಬ್ಬರಿ ಇದೆಯಲ್ಲ ಅಂದರೆ, ಅತ್ತಿ ಮಾಡಿದ್ದು, ಅದರಿಂದ ಏನಾಗುವುದಿಲ್ಲ ಅಂದಳು.

ಡಿಸೆಂಬರ್ 3, ಮಂಗಳವಾರ

ಸಿಂಧನೂರಿಗೆ ಹೋಗಿದ್ದೆವು. ಡಾಕ್ಟರ್ ವಹಿಯನ್ನು ಒಂದೊಂದೇ ಪುಟ ತಿರುವಿ ನೋಡಿದಳು. ಇಷ್ಟು ಚೆಂದ ಬರೆದವರನ್ನು ನಾನು ನೋಡಿಲ್ಲ ಅಂದಳು. ಪಂಪಾಪತಿ ನಕ್ಕ. ನನ್ನ ಕಿವಿ ಬಿಸಿಯಾಯಿತು.

ಆಮೇಲೆ ಸೊಸೆಯ ಕಡೆ ತಿರುಗಿ, ಬೇಜಾರು ಮಾಡಿಕೊಳ್ಳಬೇಡಿ, ಗೊತ್ತಿಲ್ಲದೆ ಎಲ್ಲಾದರೂ ಹಾಲಿನದು ತಿಂದಿದ್ದೀರಾ ಅಂತ ಕೇಳಿದಳು. ಸೊಸೆ ತಲೆ ಅಲ್ಲಾಡಿಸಿದಳು. ಡಾಕ್ಟರ್ ಒಂದೊಂದಾಗಿ ಹೆಸರು ಹಿಡಿದು ಕೇಳುತ್ತ ತುಪ್ಪಕ್ಕೆ ಬಂದಳು. “ಭಾಳ ಮಂದಿ ತುಪ್ಪ ಹಾಲಲ್ಲ ಅಂತ ತಿಳೀತಾರ. ತಳದಾಗ ಗಸಿ ಉಳೀತೈತಲ್ಲ, ಅದು ಹಾಲಿಂದ. ಈ ಕೂಸಿಗೆ ತ್ರಾಸ ಕೊಡೂದು ಅದ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಸೆರಗು ಮುಟ್ಟಿ ನೋಡಿಕೊಂಡೆ, ಅಲ್ಲಿ ತುಪ್ಪದ ಕಲೆ ಇದೆಯೋ ಏನೋ ಅನ್ನುವ ಹಾಗೆ.

ತಾಯಿ ಎಲ್ಲ ಬಿಟ್ಟರೂ ರಕ್ತ ನಿಂತಿಲ್ಲ ಅಂದರೆ ಸದ್ಯ ಎದೆಹಾಲು ನಿಲ್ಲಿಸಿ ನೋಡೋಣ, ಹದಿನೈದು ದಿನ ಇಂಥ ಕೂಸುಗಳಿಗೇ ಅಂತ ಮಾಡಿದ ಬೇರೆ ಡಬ್ಬಿ ಹಾಲು ಕೊಡಿ, ತಾಯಿ ತನ್ನ ಹಾಲು ಹಿಂಡಿ ತೆಗೆಯುತ್ತಿರಲಿ ಅಂದಳು. ಸೊಸೆ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಎದ್ದಳು. ಬಸ್ಸಿನಲ್ಲಿ ಪಂಪಾಪತಿ ಬೇರೆ ಸೀಟಿನಲ್ಲಿ ಹೋಗಿ ಕುಂತ. ಮಸ್ಕಿಯಲ್ಲಿ ಬಸ್ಸು ನಿಂತಾಗ ಅವಳು ಕಿಟಕಿಯಿಂದ ತಮ್ಮ ಓಣಿಯ ಕಡೆ ನೋಡಿದಳು. ಇಳಿಯುತ್ತೇನೆ ಅಂದಿದ್ದರೆ ನಾನು ಯಾವ ಮುಖ ಇಟ್ಟುಕೊಂಡು ತಡೆಯುತ್ತಿದ್ದೆ?

ಮನೆಗೆ ಬಂದು ನೋಡಿದೆ. ಡಬ್ಬಿಯಲ್ಲಿ ಏಳು ಉಂಡೆ ಉಳಿದಿವೆ. ಜೋಳದ ಚೀಲದ ಹಿಂದೆ ಇಟ್ಟೆ.

ಡಿಸೆಂಬರ್ 4, ಬುಧವಾರ

ಕೂಸು ಬಾಟಲಿ ಹಿಡಿಯುತ್ತಿಲ್ಲ. ಅಳುತ್ತದೆ, ತಾಯಿಯ ಕುಪ್ಪಸ ಎಳೆಯುತ್ತದೆ.

ಗುರುಗುಂಟಾದ ಜೋಗಮ್ಮ ನೆನಪಾದಳು. ಹಸುಗೂಸಿಗೆ ಆಡಿನ ಹಾಲು ಕುಡಿಸಿ, ನನ್ನ ಮುಂದೆ ಇಲ್ಲ ಅಂದಿದ್ದಳು. ಹತ್ತು ಜನ ಹೆಂಗಸರ ನಡುವೆ ಅವಳನ್ನು ನಿಲ್ಲಿಸಿ, ಆರು ತಿಂಗಳು ತಾಯಿಹಾಲೇ ಅಮೃತ, ಕದ್ದು ಮಾಡುವವಳು ತಾಯಿಯಲ್ಲ ಅಂದಿದ್ದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಿದ್ದಳು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ನಾಚಿಕೆಯಾಗುತ್ತದೆ. ಇಷ್ಟು ವಯಸ್ಸಾಗಿ, ಇಷ್ಟು ರಿಜಿಸ್ಟರ್ ಬರೆದು, ನಾನು ಎರಡು ತಿಂಗಳ ಕೂಸಿನ ಬಾಯಿಂದ ಹಾಲು ಕಿತ್ತುಕೊಂಡೆ.

ಹೇಳಬೇಕು. ನಾಳೆ.

ಡಿಸೆಂಬರ್ 5, ಗುರುವಾರ

ಬೆಳಿಗ್ಗೆ ಹಿತ್ತಲಿಗೆ ಹೋದೆ. ಪದ್ಮಾವತಿ ಕರಿಬೇವಿನ ಗಿಡದ ಬುಡದಲ್ಲಿ ಕುಕ್ಕರಗಾಲಲ್ಲಿ ಕುಂತಿದ್ದಳು. ಕೈಯಲ್ಲಿ ಬಟ್ಟಲು. ಎದೆಹಾಲನ್ನು ಬಚ್ಚಲಿಗೆ ಚೆಲ್ಲಬಾರದು, ಯಾರೂ ತುಳಿಯದ ಕಡೆ ಗಿಡದ ಬುಡಕ್ಕೆ ಹಾಕಬೇಕು ಅಂತ ಹೇಳಿಕೊಟ್ಟವಳು ನಾನೇ. ಒಳಗೆ ಕೂಸು ಅಳುತ್ತಿತ್ತು, ಇಲ್ಲಿ ಅದರ ಹಾಲನ್ನು ಮಣ್ಣು ಕುಡಿಯುತ್ತಿತ್ತು. ಬಟ್ಟಲು ಅರ್ಧ ಬಗ್ಗಿಸಿದ್ದಳು. ನಾನು ಹೋಗಿ ಕೈ ಹಿಡಿದೆ.

“ಚೆಲ್ಲಬ್ಯಾಡ ಯವ್ವಾ. ನಿನ್ನ ಹಾಲಿಂದು ಏನೂ ತಪ್ಪಿಲ್ಲ. ಉಂಡಿ ತುಪ್ಪದಾಗ ಮಾಡಿದ್ದೆ. ಗಸೀನೂ ಹಾಕಿದ್ದೆ.”

ಅವಳಿಗೆ ಮೊದಲು ತಿಳಿಯಲಿಲ್ಲ. ಒಳಗೆ ಹೋಗಿ ಜೋಳದ ಚೀಲದ ಹಿಂದಿನ ಡಬ್ಬಿ ತಂದು ಮುಂದಿಟ್ಟೆ. ಡಾಕ್ಟರ್ ವಹಿಯನ್ನೂ ತಂದೆ. ಅವಳ ಎದುರೇ ಕುಂತು ಕೆಂಪು ಪೆನ್ನಿನಿಂದ ಹದಿನೇಳು ದಿನದ ‘ಎಣ್ಣೆ’ ಹೊಡೆದು ಹಾಕಿ ‘ತುಪ್ಪ, ಗಸಿ’ ಅಂತ ಬರೆದೆ. ಬೈಯಲಿ ಅಂತ ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು.

“ಕೂಸಿಗೆ ಹಾಲ ಕೊಡೂ ಮುಂದ ದಿನಾ ಅದರ ಕಿವ್ಯಾಗ ತಪ್ಪಾತವ್ವ ಅಂತಿದ್ದೆ, ಅತ್ತಿ,” ಅಂದಳು. “ನನ್ನ ಹಾಲ ವಿಷ ಅಂತ ತಿಳ್ಕೊಂಡಿದ್ದೆ.”

ಬಟ್ಟಲು ಅಲ್ಲೇ ಬಿಟ್ಟು ಒಳಗೆ ಹೋಗುತ್ತ ತಿರುಗಿ ನಿಂತಳು. “ಅವರಿಗೆ ನೀವ ಹೇಳ್ರಿ. ನಾ ಹೇಳೂದಿಲ್ಲ.”

ಡಿಸೆಂಬರ್ 6, ಶುಕ್ರವಾರ

ನಿನ್ನೆ ಫೋನು ಮಾಡಿ ಪಂಪಾಪತಿಯನ್ನು ಕರೆಸಿದೆ. ಸಂಜೆ ಬಸ್ಸಿಗೆ ಬಂದ. ಕೈಕಾಲು ತೊಳೆಯುವ ಮೊದಲೇ ಹೇಳಿಬಿಟ್ಟೆ, ಇಲ್ಲದಿದ್ದರೆ ಮತ್ತೆ ನಾಳೆ ಅನ್ನುತ್ತಿದ್ದೆ. ಅವನು ಕೂಗಾಡಲಿಲ್ಲ. ಅವ್ವಾ, ಅವತ್ತು ನಾನು ಕೇಳಿದಾಗ, ಅಂತ ಶುರು ಮಾಡಿ ಅರ್ಧಕ್ಕೇ ನಿಲ್ಲಿಸಿದ. ಕೋಣೆಯ ಬಾಗಿಲಿಗೆ ಹೋಗಿ ಹೆಂಡತಿಯನ್ನು ಕರೆಯಲು ಅವನಿಗೆ ಬಾಯಿ ಬರಲಿಲ್ಲ. ಹೊಸ್ತಿಲಲ್ಲಿ ಬಹಳ ಹೊತ್ತು ಕುಂತಿದ್ದ.

ಇವತ್ತು ಡಾಕ್ಟರಿಗೆ ಫೋನು ನಾನೇ ಮಾಡಿದೆ. ಆಕೆಯೂ ಬೈಯಲಿಲ್ಲ. ಹೇಳಿದ್ದು ಒಳ್ಳೆಯದಾಯಿತು, ಡಬ್ಬಿ ಹಾಲು ಬಿಡಿ, ಎದೆಹಾಲು ಶುರು ಮಾಡಿ, ಇನ್ನು ಎರಡು ಮೂರು ವಾರ ಚೊಕ್ಕ ಇದ್ದು ನೋಡಿ ಅಂದಳು. ಏಳು ಉಂಡೆಯನ್ನೂ ಚಾಂದ್‌ಬೀಗೆ ಕೊಟ್ಟೆ, ದೀಪಕ್ಕೆ ಅಂದದ್ದು ಸುಳ್ಳು ಅಂತ ಅವಳಿಗೂ ಹೇಳಿದೆ. ಹೇಳಲು ಶುರು ಮಾಡಿದ ಮೇಲೆ ಎಲ್ಲಿ ನಿಲ್ಲಿಸಬೇಕೋ ತಿಳಿಯುವುದಿಲ್ಲ.

ಡಿಸೆಂಬರ್ 10, ಮಂಗಳವಾರ

ಪದ್ಮಾವತಿ ಈಗ ನಾನು ಮಾಡಿದ್ದು ಉಣ್ಣುವುದಿಲ್ಲ. ಜಗಳ ಮಾಡಿ ಅಲ್ಲ, ಸುಮ್ಮನೆ. ನಾನು ಒಲೆಯ ಹತ್ತಿರ ಹೋಗುವಷ್ಟರಲ್ಲಿ ಅವಳ ಅಡಿಗೆ ಆಗಿರುತ್ತದೆ. ಹೊಸ ಎಣ್ಣೆ ಪ್ಯಾಕೇಟು ತರಿಸಿ ತನ್ನ ಕೈಯಲ್ಲೇ ಕತ್ತರಿಸಿದಳು. ನನಗೆ ಪುಂಡಿಸೊಪ್ಪು ಬಿಡಿಸಲು ಕೊಡುತ್ತಾಳೆ. ಅಂಗನವಾಡಿಗೆ ಸೂಪರ್‌ವೈಜರ್ ಬಂದಾಗಲೂ ನನ್ನನ್ನು ಹೀಗೆ ಯಾರೂ ಕುಂದ್ರಿಸಿರಲಿಲ್ಲ. ಕುಂತು ಬಿಡಿಸುತ್ತೇನೆ.

ಡಿಸೆಂಬರ್ 19, ಗುರುವಾರ

ಮೂರು ದಿನದಿಂದ ಮಲ ಹಳದಿ. ಲೋಳೆ ಇಲ್ಲ, ರಕ್ತ ಇಲ್ಲ. ವಹಿಯಲ್ಲಿ ‘ಸ್ವಚ್ಛ’ ಅಂತ ಬರೆದು ಪದ್ಮಾವತಿಗೆ ತೋರಿಸಿದೆ. ಅವಳೂ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ ಹೂಂ ಅಂದಳು. ಸಂತೋಷ ಆಗಬೇಕು, ಆಯಿತು. ಆದರೆ ಅಷ್ಟು ಬೇಗ ನಿಂತಿತು ಅಂದರೆ ಅಷ್ಟೂ ದಿನ ನೋವು ಕೊಟ್ಟವಳು ನಾನೇ ಅಂತ ಬರೆದುಕೊಟ್ಟ ಹಾಗಾಯಿತು.

ಅವಳು ಶೇಂಗಾ ಹಾಲಿಗೆ ಹಸಿಮೆಣಸಿನಕಾಯಿ ತೊಟ್ಟು ಹಾಕಿ ಮೊಸರು ಮಾಡಲು ನೋಡುತ್ತಿದ್ದಾಳೆ. ಎರಡು ಸಲ ನೀರು ಬೇರೆ, ಗಟ್ಟಿ ಬೇರೆ ಆಯಿತು. ನಿನ್ನೆ ರಾತ್ರಿ, ಈ ಚಳಿಗೆ ಹೆಪ್ಪಾಗುವುದಿಲ್ಲ, ಜೋಳದ ಚೀಲದಲ್ಲಿ ಹೂತಿಡು ಅಂದೆ. ಹೇಳಿದ ಮೇಲೆ ಹೆದರಿಕೆಯಾಯಿತು, ಇನ್ನೂ ಸಲಹೆ ಕೊಡುವವಳು ನಾನ್ಯಾರು ಅಂತ. ಪಾತ್ರೆ ಮುಚ್ಚಿ ನನ್ನ ಕೈಗೇ ಕೊಟ್ಟಳು. ಜೋಳ ಸರಿಸಿ ಇಟ್ಟೆ. ಬೆಳಿಗ್ಗೆಗೆ ಹೆಪ್ಪಾಗಿತ್ತು. ಸ್ವಲ್ಪ ಹಸಿ ವಾಸನೆ ಇದೆ, ಒಗ್ಗರಣೆ ಹಾಕಿದರೆ ಹೋಗುತ್ತದೆ. ಚೆನ್ನಾಗಿದೆ ಅಂತ ಈ ಸಲ ಬಾಯಿಬಿಟ್ಟು ಹೇಳಿದೆ.

ಡಿಸೆಂಬರ್ 30, ಸೋಮವಾರ

ಇವತ್ತು ಎಳ್ಳಮಾಸಿ. ಪಂಪಾಪತಿಗೆ ರಜೆ, ಮಸ್ಕಿಯಿಂದ ಬೀಗ ಪಂಪಣ್ಣ ಬಂದಿದ್ದ. ಸಜ್ಜೆ ರೊಟ್ಟಿ, ಕುಸುಬಿ ಹಾಲಿನ ಹುಗ್ಗಿ, ಎಲ್ಲರಿಗೂ ಒಂದೇ ಅಡಿಗೆ. ಬೀಗ ಉಂಡು, ಇದು ನಮ್ಮಾಕಿ ಮಾಡುತ್ತಿದ್ದ ಹುಗ್ಗಿ ಅಂತ ಕಣ್ಣೊರೆಸಿಕೊಂಡ. ನನ್ನ ಮಗಳ ಬಾಣಂತನ ಚೆಂದ ಮಾಡಿದಿರಿ ಅಂತ ನನಗೆ ಕೈ ಮುಗಿದ. ಪದ್ಮಾ ಅವನಿಗೆ ಹೇಳಿಲ್ಲ. ನಾನೇ ಹೇಳಲು ಬಾಯಿ ತೆರೆದೆ. ಅವಳು ನಡುವೆ ಬಂದು ಅಪ್ಪನ ತಾಟಿಗೆ ಇನ್ನೊಂದು ಸೌಟು ಹುಗ್ಗಿ ಹಾಕಿದಳು. ಆ ಕೈ ಮುಗಿದದ್ದನ್ನು ಹೊತ್ತುಕೊಂಡು ಇರಬೇಕಾಗಿದೆ.

ಬೀಗ, ಪಂಪಾಪತಿ ಇಬ್ಬರೂ ಹೋದ ಮೇಲೆ ಪದ್ಮಾ ಕೂಸನ್ನು ಎತ್ತಿಕೊಂಡು ಚಾಂದ್‌ಬೀ ಮನೆಗೆ ಹೊರಟಳು. ಬಾಗಿಲಲ್ಲಿ ನಿಂತು, ಸೊಂಟ ನೋಯುತ್ತದೆ, ಉಂಡೆ ಕಟ್ಟಿಬಿಡಿ, ನಿಮ್ಮ ಹಾಗೆ ನನಗೆ ಬೆಲ್ಲದ ಪಾಕ ಬರುವುದಿಲ್ಲ ಅಂದಳು. ಅಷ್ಟೇ ಹೇಳಿ ಹೋದಳು.

ಅಂಟು ತಾಟಿಗೆ ಹಾಕಿಕೊಂಡೆ. ಕೊಬ್ಬರಿ ತುರಿದೆ, ಉತ್ತತ್ತಿ ಜಜ್ಜಿದೆ. ಬಾಣಲೆ ಇಟ್ಟೆ. ಒಲೆ ಹಚ್ಚಲು ಆಗಲಿಲ್ಲ. ಮನೆಯಲ್ಲಿ ತುಪ್ಪ ಹನಿಯೂ ಇಲ್ಲ, ಆದರೂ ಆಗಲಿಲ್ಲ. ಒಬ್ಬಳೇ ಆ ಬಾಣಲೆಯ ಮುಂದೆ ನಿಂತರೆ ಅವತ್ತಿನ ಹೊಗೆ, ಅವತ್ತಿನ ವಾಸನೆ. ಮಣೆಯ ಮೇಲೆ ಹಾಗೇ ಕುಂತಿದ್ದೆ.

ಅವಳು ಬಂದು ನೋಡಿ, ಇನ್ನೂ ಯಾಕೆ ಹುರಿದಿಲ್ಲ ಅಂದಳು.

“ನೀ ಬರೂತನ ಕುಂತೀನಿ. ನಿಂತು ನೋಡವ್ವಾ,” ಅಂದೆ.

ಅವಳು ಇನ್ನೊಂದು ಮಣೆ ಹಾಕಿಕೊಂಡು, ಒಲೆಗೆ ಬೆನ್ನು ಮಾಡಿ ಕುಂತು, ಕೂಸನ್ನು ಎದೆಗೆ ಹಚ್ಚಿದಳು. “ಹುರೀರಿ,” ಅಂದಳು.

ಎಣ್ಣೆ ಕಾಯಿಸಿ ಅಂಟು ಹಾಕಿದೆ. ಅವಳು ಒಂದು ಸಲವೂ ತಿರುಗಲಿಲ್ಲ. ಕೂಸು ಹಾಲು ಗುಟುಕರಿಸುವುದು ಕೇಳುತ್ತಿತ್ತು. ಎಣ್ಣೆಯಲ್ಲಿ ಅಂಟು ಅರಳುವುದಿಲ್ಲ ಅಂತ ಇಷ್ಟು ವರ್ಷ ಊರಿಗೆಲ್ಲ ಹೇಳಿದೆ. ಅರಳಿತು. ಒಂದು ಹರಳೂ ಉಳಿಯದೆ ಅರಳಿತು.